ಷಡಕ್ಷರಿಯ ಖಾಲಿ ಪಡಸಾಲೆ

ಗೆಳೆಯ ಷಡಕ್ಷರಿ ಕಳೆದ ಸೋಮವಾರ ಮಧ್ಯಾಹ್ನ ತೀರಿಕೊಂಡ. ಅರವತ್ತೆಂಟು ವರ್ಷವಾಗಿತ್ತು. ಅವನ ವಿಷಯ ಬರೆಯಲು ಕೂತರೆ ಮೊದಲು ನಗುವೇ ಬರುತ್ತದೆ. ಏನು ಮಾಡಲಿ, ಅವನಿದ್ದದ್ದೇ ಹಾಗೆ.

ಅಜ್ಜಂಪುರದ ಪಕ್ಕದಲ್ಲಿ ಅವರದು ನಾಲ್ಕು ತಲೆಮಾರಿನ ಹೊಲಮನೆ. ಒಂದು ವರ್ಷ ಮೈಸೂರಿನ ದಸರಾ ವಸ್ತುಪ್ರದರ್ಶನ ನೋಡಿ ಬಂದವನೇ, ಅಜ್ಜನ ಕಾಲದ ಕೂರಿಗೆ, ಕುಂಟೆ, ನೊಗ ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿ ಸಾಲಾಗಿ ಇಟ್ಟ. ಶಾಲೆ ಮೇಷ್ಟ್ರಾದ ನನ್ನಿಂದ ಒಂದೊಂದಕ್ಕೂ ಚೀಟಿ ಬರೆಸಿದ. ಬಂದವರಿಗೆಲ್ಲ ತೋರಿಸಿ, ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದ.

ಈ ವರ್ಷ ರೈಲ್ವೆ ಸ್ಟೇಷನ್ನಿಗೆ ಹೊಸ ರಸ್ತೆ ಮಂಜೂರಾಯಿತು. ಅದು ಆ ಮನೆಯ ಮೇಲೇ ಹಾಯುತ್ತಿತ್ತು. ಹಳೇ ಸಾಮಾನುಗಳಿರುವ ಮನೆ, ಉಳಿಸಿಕೊಡಿ ಎಂದು ಷಡಕ್ಷರಿ ಅರ್ಜಿ ಕೊಟ್ಟ. ಗುರುವಾರ ಬಂದು ನೋಡುವುದಾಗಿಯೂ, ಉಳಿಸುವಂಥದ್ದು ಏನಾದರೂ ಇದ್ದರೆ ರಸ್ತೆ ತಿರುಗಿಸಲು ಮೇಲಕ್ಕೆ ಬರೆಯುವುದಾಗಿಯೂ ತಾಲ್ಲೂಕಿನ ಅಮಲ್ದಾರರು ಹೇಳಿದರು.

ಬುಧವಾರ ಆರಿದ್ರಾ ಮಳೆ ಚೆನ್ನಾಗಿ ಹುಯ್ಯಿತು. ಗುರುವಾರ ಬೆಳಗಾಗುತ್ತಲೇ ನೆರೆಮನೆಯ ಕೆಂಚಮ್ಮ ಬಂದಳು. ಅವಳ ಕೂರಿಗೆಗೆ ಗೆದ್ದಲು ಹತ್ತಿತ್ತು.

"ಷಡಕ್ಷರಣ್ಣ, ಆ ಕೂರಿಗೆ ಕೊಡು, ರಾಗಿ ಬಿತ್ಬೇಕು."

"ಅದು ನೋಡೋಕೆ ಇಟ್ಟಿರೋದು ಕಣಮ್ಮ. ಇವತ್ತು ಅಮಲ್ದಾರ್ರು ಬತ್ತಾರೆ."

"ನೋಡೋಕೆ ಅದೇನು ಮದುವೆ ಹೆಣ್ಣಾ? ಹೊಲದ ಹದ ನಿನ್ನ ಅಮಲ್ದಾರ್ರನ್ನ ಕಾಯ್ತದಾ?"

ಹದ ಬಂದಾಗ ಬಿತ್ತನೆ ಸಾಮಾನು ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟ. ಅದನ್ನು ನೋಡಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಹತ್ತು ಗಂಟೆಗೆ ಪಡಸಾಲೆಯಲ್ಲಿ ಉಳಿದದ್ದು ನಾನು ಬರೆದ ಚೀಟಿಗಳು ಮಾತ್ರ.

"ಇನ್ನು ಚೀಟಿ ತೋರ್ಸಿ ಮನೆ ಉಳಿಸ್ಕೊಳ್ಳಿ" ಎಂದು ಅವನ ಹೆಂಡತಿ ವಿಶಾಲಾಕ್ಷಮ್ಮ ಒಳಗೆ ಹೋದರು.

ಅಮಲ್ದಾರರು ಬಂದವರು ಬರಿಗೋಡೆ ನೋಡಿದರು. "ಎಲ್ರೀ ನಿಮ್ಮ ವಸ್ತುಗಳು?"

"ಕೆಲಸಕ್ಕೆ ಹೋಗಿದಾವೆ ಸ್ವಾಮಿ. ಬನ್ನಿ, ಅಲ್ಲೇ ತೋರಿಸ್ತೀನಿ."

ಚೀಟಿಗಳನ್ನು ಕೈಯಲ್ಲಿ ಹಿಡಿದು ಮುಂದೆ ಹೊರಟ. ಬೂಟು ಕೈಲಿ ಹಿಡಿದು ಅಮಲ್ದಾರರು ಹಿಂದೆ, ಅವರ ಹಿಂದೆ ನಾನು. ಕೆಂಚಮ್ಮನ ಹೊಲದ ಬದುವಿನಲ್ಲಿ ನಿಂತು ಗಟ್ಟಿಯಾಗಿ ಓದಿದ: "ಒಂದನೇ ನಂಬರು. ನಮ್ಮಜ್ಜ ಮಾಡಿಸಿದ ಕೂರಿಗೆ. ವಯಸ್ಸು ಎಂಬತ್ತು."

"ಸ್ವಾಮೀ, ಆ ಕಡೆ ನಿಂತ್ಕಳಿ! ಬಿತ್ತಿದ ಸಾಲು ತುಳೀತಿದೀರಿ!" ಎಂದು ಕೆಂಚಮ್ಮ ಕೂಗಿದಳು.

ಅಮಲ್ದಾರರು ಬದುವಿಗೆ ಹಾರಿ ನಿಂತು, ಹೊಟ್ಟೆ ಹಿಡಿದು ನಕ್ಕರು. ಉಳಿದ ಹೊಲಗಳನ್ನೂ ಬಿಡದೆ ನೋಡಿದರು.

ಎರಡು ತಿಂಗಳ ಮೇಲೆ, ಅಂದರೆ ಕಳೆದ ಸೋಮವಾರ ಬೆಳಿಗ್ಗೆ, ಹುಕುಂ ಬಂತು. ರಸ್ತೆ ಊರಿನ ಮೂಡಲಿಗೆ ಹೋಗುತ್ತದೆ, ಮನೆ ಉಳಿಯಿತು. ಷಡಕ್ಷರಿ ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದ. ಆಮೇಲೆ ಹಿತ್ತಿಲಿಗೆ ಹೋಗಿ, ರಸ್ತೆಯ ಗುರುತಿಗೆ ಸರ್ವೆಯವರು ಹೊಡೆದಿದ್ದ ಗೂಟವನ್ನು ಅಲ್ಲಾಡಿಸಿ ಕಿತ್ತು, ಕೊಟ್ಟಿಗೆಯ ಬಾಗಿಲಲ್ಲಿ ನೆಟ್ಟು, ಎಳೆಗರುವನ್ನು ಅದಕ್ಕೆ ಕಟ್ಟಿದ.