ಗೊಂಬೆಗೆ ಕೊಟ್ಟ ಇಂಜೆಕ್ಷನ್

ತೊಂಬತ್ತರ ದಶಕದ ಕೊನೆಯಲ್ಲಿ ನಾವು ವಿಜಯನಗರದಲ್ಲಿದ್ದೆವು. ಮಗಳಿಗೆ ಮೂರು ವರ್ಷ. ಅನ್ನ ಉಗಿದರೆ ಸಾಕು, "ತಿಂತೀಯಾ, ಇಲ್ಲಾ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ಲಾ?" ಎಂದು ಗದರುತ್ತಿದ್ದೆ. ಗಬಗಬನೆ ನುಂಗುತ್ತಿದ್ದಳು; ನನಗೆ ಅಷ್ಟೇ ಬೇಕಿತ್ತು.

ಒಮ್ಮೆ ಜ್ವರವೆಂದು ಕರೆದೊಯ್ದಾಗ ಕ್ಲಿನಿಕ್ಕಿನ ಬಾಗಿಲಲ್ಲೇ ಕಿರುಚಾಡಿದಳು. "ಯಾಕಿಷ್ಟು ಹೆದರ್ತಾಳೋ ಗೊತ್ತಿಲ್ಲ ಮೇಡಂ" ಎಂದೆ, ಏನೂ ಅರಿಯದವಳಂತೆ. ಡಾಕ್ಟರಮ್ಮ ಅವಳ ಕೈಗೆ ಒಂದು ಬಟ್ಟೆಗೊಂಬೆ, ಸೂಜಿಯಿಲ್ಲದ ಸಿರಿಂಜು ಕೊಟ್ಟು, "ಇವತ್ತು ನೀನೇ ಡಾಕ್ಟರ್ ಕಣಮ್ಮ" ಎಂದರು. ಅಳು ನಿಂತಿತು. ಮಗಳು ಗೊಂಬೆಯ ತೋಳಿಗೆ ಸಿರಿಂಜು ಒತ್ತಿದಳು.

"ಪಾಪುಗೆ ಏನಾಗಿದೆ? ಜ್ವರಾನಾ?" ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಆಗಿಲ್ಲ. ಅನ್ನ ತಿನ್ಲಿಲ್ಲ, ಅದಕ್ಕೆ."

ಡಾಕ್ಟರಮ್ಮ ನನ್ನತ್ತ ನೋಡಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.