ಆಯುಧಪೂಜೆಯ ದಿನದ ಬರಿಗಾಲು

ದಾವಣಗೆರೆಯಿಂದ ನಮ್ಮ ಹರಿಹರದ ಕಾಲೇಜಿಗೆ ಬರುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರು ದಿನವೂ, "ಲ್ಯಾಬಿಗೆ ಬರಿಗಾಲಲ್ಲಿ ಬರಬ್ಯಾಡ್ರಪಾ" ಅನ್ನುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಅವರೇ ನಮ್ಮ ಚಪ್ಪಲಿಗಳನ್ನು ಬಾಗಿಲಲ್ಲಿ ಬಿಡಿಸಿದರು. ಬೀರುವಿಗೆ ಹಾರ ಹಾಕುವಾಗ ಆರ್ಸೆನಿಕ್ ಪುಡಿಯ ಬಾಟಲಿ ಬಿದ್ದು ಒಡೆಯಿತು. ಬಿಳಿ ಪುಡಿ ನಮ್ಮ ಪಾದಗಳ ಮೇಲೆ ಚೆಲ್ಲಿತು.

"ಫ್ಯಾನ್ ಆರಿಸ್ರಿ! ಪೊರಕೆ ಮುಟ್ಟಬ್ಯಾಡ್ರಿ, ವಿಷ ಐತೆ! ಹೊರಗೆ ನಡೀರಿ!" ಎಂದು ಮೇಷ್ಟ್ರು ಕೂಗಿದರು.

ಬಾಗಿಲು ಮುಚ್ಚಿ, ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು, ಒಬ್ಬೊಬ್ಬರ ಕಾಲನ್ನೂ ಸೋಪು ಹಚ್ಚಿ ತೊಳೆದರು.

"ಬ್ಯಾಡ್ರಿ ಸರ್, ನಮಗೆ ಪಾಪ ಬರ್ತೈತೆ."

"ಪಾಪ ನಂದು. ಕಾಲು ಕೊಡಪಾ."

ಕೈಗವಸು ಹಾಕಿದ್ದರೆಂದೇ ನೆನಪು. ಆ ನೆನಪನ್ನು ನಂಬಲಾರೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಹಾಜರಿ ಕರೆಯುವಾಗ ಅವರು ನಮ್ಮ ಮುಖ ನೋಡುತ್ತಿರಲಿಲ್ಲ. ಬೆಂಚಿನ ಕೆಳಗಿನ ಕಾಲುಗಳನ್ನೇ ನೋಡುತ್ತಿದ್ದರು.