ಜಗಲಿಯ ಮೇಲಿನ ಚಾಪೆ

ಮಂಗಳಗೌರಿಯ ತವರು ಬಿಳಿಗೆರೆ, ಸೇರಿದ ಮನೆ ಟಿ. ನರಸೀಪುರ. ತವರಿನಿಂದ ಅವಳು ತಂದ ಬಳುವಳಿಯಲ್ಲಿ ಒಂದು ಹೆಮ್ಮೆಯೂ ಇತ್ತು. ಬೀದಿಯ ಬೇರೆ ಹುಡುಗಿಯರು ತಿಂಗಳಿಗೊಮ್ಮೆ ಬೇರೆ ತಟ್ಟೆ, ಬೇರೆ ಚಾಪೆ ಇಟ್ಟುಕೊಂಡು ಜಗಲಿಯ ಮೂಲೆಯಲ್ಲಿ ಕೂರುತ್ತಿದ್ದಾಗ ಅವಳು ಮಾತ್ರ ಒಳಗೂ ಹೊರಗೂ ಓಡಾಡಿಕೊಂಡಿರುತ್ತಿದ್ದಳು. ಲಿಂಗ ಕಟ್ಟಿದ ಮೈಗೆ ಸೂತಕವಿಲ್ಲ, ನಮ್ಮ ಮನೆಯ ಹೆಣ್ಣುಮಕ್ಕಳು ವರ್ಷದ ಯಾವ ದಿನವೂ ಮೈಲಿಗೆಯಲ್ಲ ಎಂದು ಅವಳಪ್ಪ ಎಲೆಯಡಿಕೆ ಮೆಲ್ಲುತ್ತ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದರು. ಎಲ್ಲ ಲಿಂಗಾಯತರ ಮನೆಯಲ್ಲೂ ಹೀಗೇ ನಡೆಯುತ್ತಿತ್ತು ಎಂದಲ್ಲ. ಹೇಳುವುದು ಶಾಸ್ತ್ರ ಹಾಕುವುದು ಗಾಳ ಎನ್ನುವಂಥ ಮನೆಗಳು ಬೇಕಾದಷ್ಟಿದ್ದವು. ಅವಳ ತವರು ಮಾತ್ರ ಆಡಿದ ಮಾತಿಗೆ ತಪ್ಪಲಿಲ್ಲ. ತೊಂಬತ್ಮೂರರಲ್ಲಿ ಅವಳು ಸೊಸೆಯಾಗಿ ಬಂದ ಗಂಡ ಶಿವಸ್ವಾಮಿಯ ಮನೆಯೂ ತಪ್ಪುವಂಥದ್ದಲ್ಲ. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ, ಮಠದಿಂದ ಯಾರೇ ಬಂದರೂ ಊಟವಿಲ್ಲದೆ ಹೋಗಬಾರದು.

ಸೂತಕವಿಲ್ಲದ ಮನೆಯಲ್ಲಿ ಪುರಸೊತ್ತೂ ಇಲ್ಲವೆಂಬುದು ಅವಳಿಗೆ ಆಮೇಲೆ ತಿಳಿಯಿತು. ಅವಳಿಗೆ ಬರುತ್ತಿದ್ದದ್ದು ಎಲ್ಲರಿಗೂ ಬರುವಂಥ ಹೊಟ್ಟೆನೋವಲ್ಲ. ಕಿಬ್ಬೊಟ್ಟೆಯಲ್ಲಿ ಹುಟ್ಟಿ ಸೊಂಟ ಸುತ್ತಿ ತೊಡೆಗೆ ಇಳಿಯುವ ನೋವು. ಮನೆಯವರು, ಮಠದವರು ಅಷ್ಟೂ ಮಂದಿಗೆ ಮುದ್ದೆ ತಿರುವಬೇಕು. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲು ತಿರುವುವಾಗ ಹೊಟ್ಟೆಯೊಳಗೂ ಯಾರೋ ಕೋಲಾಡಿಸಿದಂತೆ ಆಗುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ತಿರುವುತ್ತಿದ್ದಳು. ಎದುರು ಮನೆಯ ಜಗಲಿಯ ಮೇಲೆ ಕೆಂಪಾಜಮ್ಮ ಮೂರು ದಿನವೂ ಗೋಡೆಗೊರಗಿ ಕಾಲು ಚಾಚಿಕೊಂಡಿರುವುದು ಅಡುಗೆಮನೆಯ ಬಾಗಿಲಿನಿಂದ ನೇರ ಕಾಣುತ್ತಿತ್ತು. ಅದನ್ನು ನೋಡಿ ಮಂಗಳಗೌರಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೊಟ್ಟೆಕಿಚ್ಚು ಬಂದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಮದುವೆಯಾದರೆ ಸರಿಹೋಗುತ್ತೆ ಎಂದಿದ್ದರು, ಆಯಿತು. ಮಗುವಾದರೆ ಸರಿಹೋಗುತ್ತೆ ಎಂದರು, ಗಾನವಿ ಹುಟ್ಟಿದಳು. ಒಂದೆರಡು ವರ್ಷ ಸುಮ್ಮನಿದ್ದ ನೋವು ಬಡ್ಡಿ ಸಮೇತ ವಾಪಸು ಬಂತು. ಎರಡು ಸಾವಿರದ ಒಂದರಲ್ಲಿ ಮೈಸೂರಿನ ಡಾಕ್ಟರಮ್ಮ ಹೊಕ್ಕುಳಿನ ಹತ್ತಿರ ಸಣ್ಣ ತೂತು ಮಾಡಿ ನೋಡಿ ಎಂಡೋಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಗಿರಬೇಕಾದ ಪದರದಂಥದ್ದು ಹೊರಗೂ ಅಂಟಿಕೊಂಡಿದೆ, ಅದಕ್ಕೇ ಈ ಸಂಕಟ ಎಂದು ಬಿಡಿಸಿ ಹೇಳಿದರು. ಮಾತ್ರೆ ಬರೆದರು. ಜೊತೆಗೆ ಯೋಗ ಮಾಡಿದರೆ ತಡೆದುಕೊಳ್ಳುವುದು ಸ್ವಲ್ಪ ಸುಲಭವಾದೀತು ಎಂದರು. ತನ್ನ ನೋವಿಗೂ ಒಂದು ಹೆಸರಿದೆ ಎಂಬುದಕ್ಕೇ ಅವಳು ಬಸ್ಸಿನಲ್ಲಿ ನರಸೀಪುರದವರೆಗೂ ಅತ್ತಳು. ಶಿವಸ್ವಾಮಿ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಕೆಟ್ಟವನಲ್ಲ, ಆದರೆ ಹೆಂಗಸರ ವಿಷಯ ಬಂದರೆ ಅವನಿಗೆ ತಟ್ಟನೆ ಅಂಗಡಿಯ ನೆನಪಾಗುತ್ತಿತ್ತು.

ನಂಜನಗೂಡಿನ ಒಂದು ಶಾಲೆಯಲ್ಲಿ ಭಾನುವಾರ ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದವರು ಅಲ್ಲಿನ ಆಟದ ಟೀಚರ್ ಇಂದ್ರಾಣಿ. ತವರಿಗೆ ಹೋಗುವ ನೆವದಲ್ಲಿ ಮಂಗಳಗೌರಿ ಅಲ್ಲಿಗೆ ಕೆಲವು ಸಲ ಹೋಗಿ ಬಂದಳು. ತಲೆಕೆಳಗಾಗುವ ಸರ್ಕಸ್ಸಿರಬಹುದು ಎಂದು ಹೆದರಿದ್ದಳು. ಇಂದ್ರಾಣಿ ಕಲಿಸಿದ್ದು ಮಲಗುವುದನ್ನು. ಬೆನ್ನ ಕೆಳಗೆ ಮಡಿಸಿದ ಜಮಖಾನ, ಪಾದಕ್ಕೆ ಪಾದ ಸೇರಿಸಿ ಮಂಡಿಗಳನ್ನು ಎರಡೂ ಕಡೆ ಸಡಿಲ ಬಿಡುವುದು. ಆಮೇಲೆ ಮಗುವಿನ ಹಾಗೆ ಮುದುಡಿ ಹಣೆಯನ್ನು ನೆಲಕ್ಕಿಡುವುದು. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು.

“ಇದ್ರಿಂದ ಕಾಯಿಲೆ ವಾಸಿಯಾಗಲ್ಲ ಕಣಮ್ಮ. ಮಾತ್ರೆ ಬಿಡ್ಬೇಡಿ,” ಎಂದರು ಇಂದ್ರಾಣಿ. “ನೋವು ಬತ್ತದೆ ಅಂತ ಮೊದ್ಲೇ ಮೈ ಬಿಗಿ ಇಡ್ಕತೀರಲ್ಲ, ಅದೊಂದು ಕಮ್ಮಿಯಾಯ್ತದೆ. ಬಾಗ್ಲು ಆಕ್ಕೊಂಡು ದಿನಾ ಅರ್ಧ ಗಂಟೆ ಮಾಡಿ.”

ಬಾಗಿಲು ಹಾಕಿಕೊಳ್ಳಿ ಎಂದು ಹೇಳುವುದು ಸುಲಭ. ಆ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿ ಮಲಗಿದ ಸೊಸೆಯನ್ನು ಗೋಡೆಯೂ ಕ್ಷಮಿಸುತ್ತಿರಲಿಲ್ಲ. ಒಳಚಿಲಕ ಹಾಕಿಕೊಂಡರೆ ಯಾರೂ ತಟ್ಟದ ಬಾಗಿಲು ಒಂದೇ, ಪೂಜೆ ಮನೆಯದು. ಲಿಂಗಪೂಜೆಗೆ ಕೂತವರನ್ನು ಮಾತಾಡಿಸುವುದೇ ಅಪಚಾರ. ಉಪಾಯ ಬಲ್ಲವರಿಗೆ ಅಪಾಯವಿಲ್ಲ ಎಂದುಕೊಂಡು ಅವಳು ಬೆಳಿಗ್ಗೆ ಸ್ನಾನ ಮಾಡಿ ಒಳಹೋಗುತ್ತಿದ್ದಳು. ಲಿಂಗವನ್ನು ಅಂಗೈಯಲ್ಲಿಟ್ಟು ಪತ್ರೆ ಏರಿಸಿ, ವಿಭೂತಿ ಧರಿಸಿ, ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಚಾಪೆ ಬಿಚ್ಚಿ ಮಲಗುತ್ತಿದ್ದಳು. ಮೊದಮೊದಲು ಶಿವನಿಗೆ ಮುಖ ತೋರಿಸಲು ಸಂಕೋಚವಾಯಿತು. ಬರಬರುತ್ತ ಅವನಿಗೂ ಅಭ್ಯಾಸವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡಳು.

ಕೆಲವು ತಿಂಗಳಲ್ಲಿ ಮೈ ಮಾತು ಕೇಳತೊಡಗಿತು. ನೋವು ಹೋಗಲಿಲ್ಲ, ಬಂದಾಗ ಅವಳು ಕಲ್ಲಾಗುವುದು ನಿಂತಿತು. ಮುಟ್ಟಿನ ಮೊದಲ ದಿನವೂ ಆ ಅರ್ಧ ಗಂಟೆ ಸಿಕ್ಕಿದರೆ ಸೆರಗು ಬಾಯಿಗೆ ಹೋಗುತ್ತಿರಲಿಲ್ಲ. ಆ ಚಿಲಕ ಒಂದಿದ್ದರೆ ಬದುಕಿಕೊಳ್ಳುತ್ತೇನೆ ಎಂದು ಅವಳಿಗೆ ಅನ್ನಿಸಿತ್ತು.

ಕೆಡಿಸಿದ್ದು ಬೈಗುಳವಲ್ಲ, ಹೊಗಳಿಕೆ. ಸೊಸೆಯ ಭಕ್ತಿ ಕಂಡು ಅತ್ತೆ ಪುಟ್ಟಬಸಮ್ಮನಿಗೆ ಹಿಗ್ಗೋ ಹಿಗ್ಗು. ಬಂದ ನೆಂಟರಿಗೆಲ್ಲ, ನಮ್ಮ ಗೌರಿ ಪೂಜೆಗೆ ಕೂತರೆ ಲೋಕದ ಪರಿವೆಯೇ ಇರುವುದಿಲ್ಲ ಎಂದು ಹೇಳಿಕೊಂಡು ತಿರುಗಿದರು. ಬೀದಿಯ ಹೆಂಗಸರು ಸೊಸೆಯ ಕೈಯಿಂದ ವಿಭೂತಿ ಬೇಕೆಂದು ಬಾಗಿಲಲ್ಲಿ ನಿಂತರು. ಒಂದು ಬೆಳಿಗ್ಗೆ ಪುಟ್ಟಬಸಮ್ಮ ತಾವೇ ಮಣೆ ಹಿಡಿದುಕೊಂಡು ಬಂದರು.

“ಇನ್ಮೇಲೆ ನಾನೂ ನಿನ್ ಜೊತೇಲೇ ಕೂತ್ಕತೀನಿ ಕಣವ್ವ. ವಯಸ್ಸಾಯ್ತು, ನಿನ್ನಿಂದ ನನಗೂ ಒಸಿ ಪುಣ್ಯ ಬರ್ಲಿ.”

ಬೇಡ ಎನ್ನಲು ಯಾವ ಬಾಯಿದೆ? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದಳು ಮಂಗಳಗೌರಿ. ಒಳಗಿನಿಂದ ಚಿಲಕ ಹಾಕಿಯೇ ಇತ್ತು, ಆದರೆ ಈಗ ಅದು ಅವಳನ್ನು ಅತ್ತೆಯ ಜೊತೆ ಕೂಡಿಹಾಕುತ್ತಿತ್ತು. ಬೆನ್ನು ನೆಟ್ಟಗೆ, ಎಡಗೈ ಮುಂದೆ, ಅಂಗೈಯಲ್ಲಿ ಲಿಂಗ, ರೆಪ್ಪೆ ಅಲುಗದಂತೆ ದೃಷ್ಟಿ. ಎಷ್ಟು ಹೊತ್ತು ಎಂದರೆ, ಮಲಗುವುದಕ್ಕೆಂದು ಅವಳೇ ಬೆಳೆಸಿದ್ದ ಹೊತ್ತಿನಷ್ಟು.

ಆ ತಿಂಗಳು ಮುಟ್ಟಾದ ಮೊದಲ ದಿನವೂ ಕೂತಳು. ಹಿಂಡುವ ನೋವು ಒಮ್ಮೆಲೇ ಬಂದಾಗ ಅಂಗೈ ವಾಲಿತು, ಲಿಂಗ ಜಾರಿತು. ಲಿಂಗ ನೆಲಕ್ಕೆ ಬಿದ್ದರೆ ಪ್ರಾಣ ಹೋದಷ್ಟೇ ಎಂದು ನಂಬಿದ ಮನೆ ಅದು. ಪುಟ್ಟಬಸಮ್ಮನ ಕೈ ಅದೆಲ್ಲಿಂದ ಬಂತೋ, ಬೊಗಸೆಯೊಡ್ಡಿ ಹಿಡಿದುಕೊಂಡರು. ಮಂಗಳಗೌರಿ ಅಲ್ಲೇ ಮುದುಡಿ ಹಣೆಯನ್ನು ನೆಲಕ್ಕಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು: ಮೈಸೂರಿನ ಡಾಕ್ಟರು ಹೇಳಿದ್ದು, ನಂಜನಗೂಡಿನ ಟೀಚರು ಕಲಿಸಿದ್ದು, ಇಷ್ಟು ದಿನ ಇಲ್ಲಿ ತಾನು ಪೂಜೆ ಮುಗಿಸಿ ಮಲಗುತ್ತಿದ್ದದ್ದು.

ಪುಟ್ಟಬಸಮ್ಮ ಕೂಗಾಡಲಿಲ್ಲ. ಲಿಂಗವನ್ನು ಕರಡಿಗೆಗೆ ಹಾಕಿ ಸೊಸೆಯ ಕೊರಳಿಗೆ ಕಟ್ಟಿದರು. “ನಾವೂ ಎಣ್ಣಾಗೇ ಉಟ್ಟಿದ್ದು. ನೋವು ತಿಂದಿದೀವಿ,” ಎಂದರು. “ಶಿವನ ಮುಂದೆ ಕಾಲು ಅಗಲಿಸ್ಕೊಂಡು ಯಾರೂ ಮಲಗ್ಲಿಲ್ಲ.” ಸಂಜೆಯೊಳಗೆ ಪೂಜೆ ಮನೆಯ ಚಿಲಕ ಬಿಚ್ಚಿಸಿದರು. ಕದದ ಮೇಲೆ ಮೊಳೆಯ ತೂತುಗಳು ಉಳಿದವು.

ಮುಂದಿನ ತಿಂಗಳು ಅವಳು ಹಳೆಯ ಹಾಗೇ ಮುದ್ದೆ ತಿರುವಿದಳು. ಇಷ್ಟು ದಿನ ಸುಖದ ರುಚಿ ಕಂಡಿದ್ದ ಮೈಗೆ ನೋವು ಮೊದಲಿಗಿಂತ ಹೆಚ್ಚೆನಿಸಿತು. ಅದರ ಮುಂದಿನ ತಿಂಗಳು ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಎದ್ದಳು. ಚಾಪೆ, ಜಮಖಾನ, ಒಂದು ಚೊಂಬು ತೆಗೆದುಕೊಂಡು ಹಜಾರ ದಾಟಿ, ಅಂಗಡಿಯ ಪಕ್ಕದ ಜಗಲಿಗೆ ಬಂದು ಚಾಪೆ ಹಾಸಿದಳು. ಹಿಂದೆಯೇ ಬಂದ ಅತ್ತೆಗೆ ಕೇಳುವಂತೆ ಹೇಳಿದಳು:

“ನಾನು ಈಚೆ ಆಗಿದೀನಿ. ಯಾರೂ ಮುಟ್ಬೇಡಿ.”

ಪುಟ್ಟಬಸಮ್ಮ ಹೊಸಿಲಿನ ಮೇಲೇ ನಿಂತರು. ಮುಟ್ಟಾಗಿ ಹೊರಗೆ ಕೂತೆ ಎಂಬುದು ಮೂರು ತಲೆಮಾರಿನಲ್ಲಿ ಆ ಮನೆಯಲ್ಲಿ ಯಾರೂ ಆಡದ ಮಾತು. ಲಿಂಗ ಕಟ್ಟಿಕೊಂಡು ಈಚೆ ಕೂರುವುದುಂಟೇ ಎಂದು ಗದರಿದರು, ಬೇಡಿದರು, ನಿಮ್ಮಪ್ಪನ ಮುಖಕ್ಕೆ ಮಸಿ ಬಳಿಯಬೇಡ ಎಂದರು. ಅಪ್ಪನ ಹೆಸರು ಬಂದಾಗ ಮಂಗಳಗೌರಿ ಕೊರಳಿನ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡಳು. ಆದರೂ ಅವಳು ಪಾದಕ್ಕೆ ಪಾದ ಸೇರಿಸಿ, ಸೀರೆ ಸರಿಮಾಡಿಕೊಂಡು, ರಸ್ತೆಯವರು ನೋಡುತ್ತಿರುವಂತೆಯೇ ಮಲಗಿದಳು. ಮುಟ್ಟಬೇಡಿ ಎಂದವಳನ್ನು ಎಳೆದು ಒಳಗೆ ಕರೆದೊಯ್ಯಲು ಯಾರಿಗೂ ಧೈರ್ಯವಾಗಲಿಲ್ಲ. ಬಾಯಲ್ಲಿ ಮೈಲಿಗೆ ಇಲ್ಲವೆನ್ನುತ್ತಿದ್ದ ಮನೆಯವರು ಆವತ್ತು ಒಂದು ಮಾರು ದೂರವೇ ನಿಂತರು.

ಎದುರು ಜಗಲಿಯಲ್ಲಿ ಅವತ್ತು ಕೆಂಪಾಜಮ್ಮನೂ ಕೂತಿದ್ದಳು. “ನಾವು ಒಳಕ್ಕೋಗಕ್ಕೆ ಸಾಯ್ತೀವಿ,” ಎಂದಳು ಅವಳು ಮೆಲ್ಲಗೆ. “ನೀವು ಈಚೆ ಬರಕ್ಕೆ ಸಾಯ್ತಿದೀರಲ್ಲ ಗೌರವ್ವ.”

ಅಲ್ಲಿಂದ ತಿಂಗಳಿಗೆ ಮೂರು ದಿನ ಜಗಲಿ ಅವಳದಾಯಿತು. ಬೀದಿಯವರು ಆಡಿಕೊಂಡು ಆಡಿಕೊಂಡು ಸುಸ್ತಾದರು. ಅಪ್ಪ ಬಿಳಿಗೆರೆಯಿಂದ ಬರುವುದನ್ನೇ ಬಿಟ್ಟರು. ಮಿಕ್ಕ ದಿನ ಲಿಂಗ ಅಂಗೈಗೆ ಬಂದಾಗಲೆಲ್ಲ, ಇಲ್ಲದ ಮೈಲಿಗೆಯನ್ನು ತಾನೇ ಮೈಮೇಲೆ ಹಾಕಿಕೊಂಡೆನಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು. ಮೈಗೆ ಆರಾಮ ಸಿಕ್ಕಿತ್ತು, ಮನಸ್ಸು ಸಿಕ್ಕಿಬಿದ್ದಿತ್ತು.

ಗಾನವಿ ದೊಡ್ಡವಳಾದದ್ದು ಎರಡು ಸಾವಿರದ ಒಂಬತ್ತರಲ್ಲಿ. ಕೆಲವು ತಿಂಗಳು ಕಳೆದ ಮೇಲೆ, ಮಂಗಳಗೌರಿ ಜಗಲಿಯಲ್ಲಿದ್ದ ದಿನವೇ, ಶಾಲೆಯಿಂದ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಂದಳು. ಮುಖ ಬಿಳಿಚಿತ್ತು. ಆ ಬಗ್ಗಿದ ನಡಿಗೆ ತಾಯಿಗೆ ದೂರದಿಂದಲೇ ಗುರುತು ಸಿಕ್ಕಿತು.

“ಅವ್ವ, ನಾನೂ ಇಲ್ಲೇ ಮಲಗ್ಲಾ?” ಎಂದಳು ಗಾನವಿ, ಚಾಪೆಯ ಅಂಚಿನಲ್ಲಿ ನಿಂತು.

ಮಂಗಳಗೌರಿ ಎದ್ದು ಕೂತಳು. ಹೂಂ ಎನ್ನಲಾರಳು, ಒಳಗೆ ಹೋಗು ಎಂದೂ ಹೇಳಲಾರಳು. ಅಷ್ಟರಲ್ಲಿ ಪುಟ್ಟಬಸಮ್ಮ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದಿದ್ದರು. ಮೊಮ್ಮಗಳನ್ನು ನೋಡಿದರು, ಚಾಪೆ ನೋಡಿದರು.

“ಅಲ್ಲಿ ಬ್ಯಾಡ ಕಣ್ ಮಗ,” ಎಂದರು. “ಪೂಜೆ ಮನೇಲಿ ಮಲಕ್ಕೊ. ಬಾಗ್ಲು ನಾನು ಕಾಯ್ತೀನಿ.”

ಅಜ್ಜಿ ಮೊಮ್ಮಗಳ ಭುಜ ಹಿಡಿದು ಕರೆದುಕೊಂಡು ಹೋದರು. ಚಿಲಕವಿಲ್ಲದ ಕದವನ್ನು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತದ್ದು ಜಗಲಿಯಿಂದಲೇ ಕಾಣುತ್ತಿತ್ತು. ಆರು ವರ್ಷ ಬೀದಿಗೆ ಕಾಣುವಂತೆ ಮಲಗಿದ್ದ ಸೊಸೆಗೆ ಅವರು ಒಳಗೆ ಬಾ ಎನ್ನಲಿಲ್ಲ, ಸೊಸೆ ಕೇಳಲೂ ಇಲ್ಲ. ಮಂಗಳಗೌರಿ ಮತ್ತೆ ಜಮಖಾನಕ್ಕೆ ಬೆನ್ನಿಟ್ಟಳು. ಉಸಿರು ನಿಧಾನ ಬಿಡು ಮಗ ಎಂದು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ತಾನೂ ಬಿಟ್ಟಳು.